ಗುಟ್ಟು ಊರಿಗಿತ್ತು, ಮನೆಗಲ್ಲ

“ಏನಮ್ಮ, ಏನಾದ್ರೂ ವಿಶೇಷ?”

ಮದುವೆಯಾಗಿ ಮೂರು ತಿಂಗಳು ಕಳೆದ್ರೆ ಸಾಕು, ನಮ್ಮ ಮೈಸೂರು ಕಡೆ ಈ ಪ್ರಶ್ನೆ ಎಲ್ಲಿಂದ ಬೇಕಾದ್ರೂ ಬರಬಹುದು. ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಬರುತ್ತೆ, ಹೂ ಮಾರೋ ಅಜ್ಜಿಯ ಬುಟ್ಟಿ ಹತ್ತಿರ ಬರುತ್ತೆ, ಗಂಡನ ಚಿಕ್ಕಮ್ಮನ ಗುಡ್ ಮಾರ್ನಿಂಗ್ ಮೆಸೇಜಿನ ಕೆಳಗೂ ಬರುತ್ತೆ. ವರ್ಷಗಟ್ಟಲೆ “ಇನ್ನೂ ಏನಿಲ್ಲ” ಅಂತ ನಕ್ಕು ತಪ್ಪಿಸಿಕೊಂಡಿರ್ತೀರಿ. ಆಮೇಲೆ ಒಂದು ಬೆಳಗ್ಗೆ ಟೆಸ್ಟ್ ಕಿಟ್ ಮೇಲೆ ಎರಡು ಗೆರೆ ಮೂಡುತ್ತೆ. ಈಗ ವಿಶೇಷ ಇದೆ, ಆದ್ರೆ ಹೇಳೋ ಹಾಗಿಲ್ಲ. “ಮೂರು ತಿಂಗಳು ತುಂಬೋ ತನಕ ಯಾರ ಹತ್ರಾನೂ ಬಾಯಿ ಬಿಡ್ಬೇಡ” ಅಂತ ಮೊದಲ ಫೋನಿನಲ್ಲೇ ಅಮ್ಮ ಹೇಳಿರ್ತಾರೆ.

ಈ ವಾರದ ಅಂಕಣ ಆ ಮೂರು ತಿಂಗಳ ಬಗ್ಗೆ. ಸೀಮಂತದ ಹಸಿರು ಸೀರೆ, ಬಳೆ, ಫೋಟೊಗಳ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಹೊಟ್ಟೆ ಇನ್ನೂ ಕಾಣದ, ಬಸ್ಸಲ್ಲಿ ಯಾರೂ ಎದ್ದು ಸೀಟು ಕೊಡದ, ಆದ್ರೆ ಮೈಯೊಳಗೆ ಎಲ್ಲ ತಲೆಕೆಳಗಾಗಿರೋ ಆ ತಿಂಗಳುಗಳ ಬಗ್ಗೆ ಮಾತು ಕಮ್ಮಿ.

ಮೊದಲು ಮೈಯ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಮನಸ್ಸಿನ ಅರ್ಧ ಗೋಳು ಅಲ್ಲಿಂದಲೇ ಶುರು. ಗರ್ಭಿಣಿಯರಲ್ಲಿ ಹತ್ತಕ್ಕೆ ಏಳೆಂಟು ಜನರಿಗೆ ಹೊಟ್ಟೆ ತೊಳಸುವುದೋ ವಾಂತಿಯೋ ಇದ್ದೇ ಇರುತ್ತೆ. ಸಾಮಾನ್ಯವಾಗಿ ಆರನೇ ವಾರದ ಸುಮಾರಿಗೆ ಶುರುವಾಗಿ, ಒಂಬತ್ತು-ಹತ್ತನೇ ವಾರದಲ್ಲಿ ಜೋರಾಗಿ, ಹೆಚ್ಚಿನವರಿಗೆ ಹದಿನಾಲ್ಕು-ಹದಿನಾರರ ಹೊತ್ತಿಗೆ ಇಳಿಯುತ್ತೆ. ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಏರೋದ್ರಿಂದ ನಿದ್ದೆ ಒತ್ತರಿಸಿಕೊಂಡು ಬರುತ್ತೆ. ವಾಸನೆಗಳಂತೂ ಕೇಳಬೇಡಿ. ನನಗೆ ಒಗ್ಗರಣೆ ಸೇರ್ತಿರಲಿಲ್ಲ, ಫಿಲ್ಟರ್ ಕಾಫಿ ಸೇರ್ತಿರಲಿಲ್ಲ, ಕೊನೆಗೆ ಮಲ್ಲಿಗೆ ಹೂವೂ ಸೇರಲಿಲ್ಲ. ಮೈಸೂರಲ್ಲಿದ್ದುಕೊಂಡು ಮಲ್ಲಿಗೆ ವಾಸನೆಗೆ ಮೂಗು ಮುಚ್ಚಿಕೊಳ್ಳೋದು ಅಂದ್ರೆ ಊರಿಗೇ ದ್ರೋಹ ಮಾಡಿದ ಹಾಗೆ!

“ಎಲ್ಲ ಮನಸ್ಸಿಂದು, ಗಮನ ಬೇರೆ ಕಡೆ ಹರಿಸು” ಅನ್ನೋರಿಗೆ ಒಂದು ಮಾತು. ಗರ್ಭಿಣಿಯರ ವಾಂತಿಯನ್ನ ಬಹಳ ಕಾಲ ವೈದ್ಯರೂ ಮನಸ್ಸಿನ ಕಾಯಿಲೆ ಅಂತಲೇ ನೋಡ್ತಿದ್ರು. ಮಾರ್ಲೀನಾ ಫೆಜ್ಜೊ ಅನ್ನೋ ಅಮೆರಿಕದ ವಿಜ್ಞಾನಿಗೆ ತಮ್ಮದೇ ಬಸುರಿನಲ್ಲಿ ವಿಪರೀತ ವಾಂತಿಯಾಗಿತ್ತು. ಆಮೇಲೆ ಅವರು ಅದರ ಕಾರಣ ಹುಡುಕೋದನ್ನೇ ಕೆಲಸ ಮಾಡಿಕೊಂಡರು. 2023ರ ಡಿಸೆಂಬರಿನಲ್ಲಿ ಅವರು ಮತ್ತು ಕೇಂಬ್ರಿಜ್‌ನ ಸ್ಟೀಫನ್ ಓ’ರಾಹಿಲಿ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದ್ರು. ಜಿಡಿಎಫ್15 ಅನ್ನೋ ಹಾರ್ಮೋನು ಬೆಳೀತಿರೋ ಗರ್ಭದಿಂದಲೇ ತಾಯಿಯ ರಕ್ತಕ್ಕೆ ಬರುತ್ತೆ. ಬಸುರಿಗೆ ಮುಂಚೆ ಯಾರ ಮೈಯಲ್ಲಿ ಅದು ಕಮ್ಮಿ ಇತ್ತೋ, ಅವರಿಗೆ ಈ ಏರಿಕೆ ಜೋರಾಗಿ ಹೊಡೆಯುತ್ತೆ. ಅಂದ್ರೆ ನಿಮ್ಮ ಅತ್ತಿಗೆ ಒಂಬತ್ತು ತಿಂಗಳೂ ಬಿಸಿಬೇಳೆ ಬಾತ್ ತಿಂದುಕೊಂಡು ಓಡಾಡಿದ್ದು ಗಟ್ಟಿ ಮನಸ್ಸಿನಿಂದಲ್ಲ, ನೀವು ಸಿಂಕ್ ಮುಂದೆ ಬಗ್ಗಿ ನಿಂತಿರೋದು ನಾಜೂಕುತನದಿಂದಲೂ ಅಲ್ಲ. ಈ ಪ್ಯಾರಾನ ಸ್ಕ್ರೀನ್‌ಶಾಟ್ ತೆಗೆದು ಬೇಕಾದವರಿಗೆ ಕಳಿಸಿ.

ಇನ್ನು ಮನಸ್ಸು. ಮೊದಲನೇದಾಗಿ, ಖುಷಿ. ಎಲ್ಲರೂ ಕೇಳೋದು ಅದನ್ನೇ: “ಖುಷಿಯಾಯ್ತಾ?” ಆಗಿರುತ್ತೆ. ಅದರ ಜೊತೆಗೆ ಭಯ, ಸಿಟ್ಟು, ಸುಮ್ಮಸುಮ್ಮನೆ ಬರೋ ಅಳು, “ನನಗಿದು ಈಗಲೇ ಬೇಕಿತ್ತಾ?” ಅನ್ನೋ ಪ್ರಶ್ನೆಯೂ ಇರುತ್ತೆ. ಪ್ರಮೋಷನ್ ಲಿಸ್ಟಿನಲ್ಲಿ ಹೆಸರಿದ್ದ ವರ್ಷವೇ ಆಗಿದ್ರಂತೂ ಇನ್ನೂ ಜಾಸ್ತಿ. ಮಗು ಬೇಕು ಅಂತ ಹರಕೆ ಹೊತ್ತವರಿಗೂ, ಟ್ರೀಟ್‌ಮೆಂಟ್ ತಗೊಂಡವರಿಗೂ ಈ ಪ್ರಶ್ನೆ ಬರುತ್ತೆ. ಬಂದ ತಕ್ಷಣ ಪಾಪಪ್ರಜ್ಞೆಯೂ ಬರುತ್ತೆ, ಅದನ್ನ ಹೇಳಿಕೊಳ್ಳೋಕೆ ಯಾರೂ ಇರಲ್ಲ. ಇಡೀ ವಿಷಯವೇ ಗುಟ್ಟಾಗಿರೋವಾಗ ಅದರ ಹೊಟ್ಟೆಯೊಳಗಿನ ಗುಟ್ಟನ್ನ ಯಾರಿಗೆ ಹೇಳೋದು?

ಅಪ್ಪಿತಪ್ಪಿ ಅಳು ಕಂಡುಬಿಟ್ರೆ ತಕ್ಷಣ ಅಭಿಮನ್ಯು ಬರ್ತಾನೆ. “ನೀನು ಹೀಗೆ ಬೇಜಾರು ಮಾಡ್ಕೊಂಡ್ರೆ ಮಗೂಗೆ ತಟ್ಟುತ್ತೆ. ಅಭಿಮನ್ಯು ಹೊಟ್ಟೆಯಲ್ಲಿದ್ದಾಗಲೇ ಚಕ್ರವ್ಯೂಹ ಕಲಿತಿರಲಿಲ್ವಾ?” ಕಥೆ ಚೆನ್ನಾಗಿದೆ, ನನಗೂ ಇಷ್ಟ. ಆದ್ರೆ ಹೇಳೋ ರೀತಿ ನೋಡಿ. ವ್ಯೂಹದಿಂದ ಹೊರಗೆ ಬರೋ ದಾರಿ ಅವನಿಗೆ ಗೊತ್ತಾಗಲಿಲ್ಲ, ಯಾಕಂದ್ರೆ ಅಷ್ಟು ಹೊತ್ತಿಗೆ ಸುಭದ್ರೆಗೆ ನಿದ್ದೆ ಬಂತು! ಬಸುರಿ ಹೆಂಗಸು ನಿದ್ದೆ ಮಾಡಿದ್ದೇ ಹದಿನಾರು ವರ್ಷದ ಹುಡುಗನ ಸಾವಿಗೆ ಕಾರಣ ಅನ್ನೋ ಹಾಗೆ. ಸುತ್ತ ನಿಂತು ಹೊಡೆದ ಮಹಾರಥಿಗಳನ್ನ ಯಾರೂ ಕೇಳಲ್ಲ. ನನಗಂತೂ ಈಗ ಸುಭದ್ರೆ ಮೇಲೆ ಸಿಕ್ಕಾಪಟ್ಟೆ ಪ್ರೀತಿ. ಅಂದ ಹಾಗೆ, ಮೂರನೇ ತಿಂಗಳಲ್ಲಿ ಗರ್ಭಕ್ಕೆ ಏನೂ ಕೇಳಿಸಲ್ಲ. ಶಬ್ದ ತಲುಪೋಕೆ ಶುರುವಾಗೋದೇ ಹದಿನೆಂಟನೇ ವಾರ ದಾಟಿದ ಮೇಲೆ. ಒಂದು ದಿನ ಅತ್ತರೆ ಮಗುವಿಗೇನೂ ಆಗಲ್ಲ. ಅಳಬೇಡ ಅಂತ ದಿನಾ ನುಂಗಿಕೊಂಡು ಕೂರೋದ್ರಿಂದ ಅಮ್ಮನಿಗೇ ಭಾರ.

ಈಗ ಆ ಮೂರು ತಿಂಗಳ ಗುಟ್ಟಿಗೆ ಬರ್ತೀನಿ. ಇದನ್ನ ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋಕೆ ನನಗೆ ಇಷ್ಟವಿಲ್ಲ. ದೃಷ್ಟಿಯಾಗುತ್ತೆ ಅನ್ನೋದು ಮೇಲಿನ ಕಾರಣ. ಒಳಗಿನ ಕಾರಣ, ಮೊದಲ ತಿಂಗಳುಗಳಲ್ಲಿ ಬಸುರು ನಿಲ್ಲದೇ ಹೋಗೋದು ಹೆಚ್ಚು ಅನ್ನೋದು ನಮ್ಮ ಅಜ್ಜಿಯರಿಗೆ ಅನುಭವದಿಂದ ಗೊತ್ತಿತ್ತು. ಡಾಕ್ಟರುಗಳ ಲೆಕ್ಕವೂ ಅದೇ. ಖಚಿತವಾದ ಗರ್ಭಗಳಲ್ಲಿ ಸುಮಾರು ಶೇ 10ರಿಂದ 20 ಗರ್ಭಪಾತವಾಗುತ್ತವೆ, ಅದರಲ್ಲಿ ಬಹುಪಾಲು ಮೊದಲ ಹನ್ನೆರಡು-ಹದಿಮೂರು ವಾರದೊಳಗೆ. ಊರಿಗೆಲ್ಲ ಹೇಳಿ ಆಮೇಲೆ ಊರಿಗೆಲ್ಲ ವಿವರಣೆ ಕೊಡೋ ಕಷ್ಟ ಬೇಡ ಅಂತ ಬಾಯಿ ಕಟ್ಟಿದ್ರು.

ಆದ್ರೆ ಒಂದು ವಿಷಯ ಯೋಚನೆ ಮಾಡಿ. ನಮ್ಮಜ್ಜಿಯ ಕಾಲದಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂರ್ತಿದ್ರು. ಆ ಪದ್ಧತಿ ಬಗ್ಗೆ ನನಗೆ ಯಾವ ಮೋಹವೂ ಇಲ್ಲ. ಆದ್ರೆ ತುಂಬಿದ ಮನೆಯಲ್ಲಿ ಸೊಸೆ ಈ ತಿಂಗಳು ಹೊರಗೆ ಕೂರಲಿಲ್ಲ ಅಂದ್ರೆ ಅತ್ತೆಗೆ ಗೊತ್ತು, ಓರಗಿತ್ತಿಗೆ ಗೊತ್ತು, ಅವತ್ತು ಮನೆಗೆ ಬಂದಿದ್ದ ನಾದಿನಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ, ಆದ್ರೆ ಬೆಳಗ್ಗೆ ಅಡುಗೆಮನೆ ಹೊಗೆ ಹತ್ರ ಅವಳನ್ನ ಕೂರಿಸ್ತಿರಲಿಲ್ಲ. ಭಾರದ ಕೊಡ ಇನ್ನೊಬ್ಬಳ ಸೊಂಟಕ್ಕೆ ಹೋಗ್ತಿತ್ತು. ರಾತ್ರಿ ಅವಳು ಎದ್ದು ಹಿತ್ತಲಿಗೆ ಹೋದ್ರೆ ಜೊತೆಗೊಬ್ಬರು ದೀಪ ಹಿಡ್ಕೊಂಡು ಹೋಗ್ತಿದ್ರು. ಎಲ್ಲ ಮನೆಗಳೂ ಹೀಗೆ ಮೃದುವಾಗಿದ್ವು ಅಂತ ನಾನು ಹೇಳ್ತಿಲ್ಲ, ಸೊಸೆಯನ್ನ ಗೋಳು ಹೊಯ್ಕೊಂಡ ಮನೆಗಳ ಕಥೆಗಳನ್ನೂ ಕೇಳಿದ್ದೀನಿ. ಆದ್ರೂ ಗುಟ್ಟು ಊರಿಗಿತ್ತು, ಮನೆಗಲ್ಲ. ನಷ್ಟವಾದ್ರೂ ಆ ನಾಲ್ಕು ಹೆಂಗಸರಿಗೆ ಗೊತ್ತಾಗ್ತಿತ್ತು.

ನಾನಿರೋದು ಮೇಟಗಳ್ಳಿಯಲ್ಲಿ. ಒಂದು ಕಡೆ ಇನ್ನೂ ಹಳೇ ಊರಿನ ಓಣಿಗಳು, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ, ನಡುವೆ ನಮ್ಮಂಥವರ ಬಾಡಿಗೆ ಮನೆಗಳು. ನನ್ನ ಗಂಡ ವಾರದಲ್ಲಿ ಮೂರು ದಿನ ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗ್ತಾರೆ, ಬರೋದು ರಾತ್ರಿ. ಅಮ್ಮ ಹಾಸನದಲ್ಲಿ, ಅತ್ತೆ ಚಾಮರಾಜನಗರದಲ್ಲಿ. ತುಂಬಿದ ಮನೆಗೆ ಮಾಡಿದ್ದ ನಿಯಮವನ್ನ ಹಾಗೇ ಎತ್ತಿ ಈ ಎರಡು ರೂಮಿನ ಮನೆಗೆ ತಂದ್ರೆ ಏನಾಗುತ್ತೆ? ಯಾರಿಗೂ ಗೊತ್ತಿರಲ್ಲ ಅಂದ್ರೆ ನಿಜವಾಗ್ಲೂ ಯಾರಿಗೂ ಗೊತ್ತಿರಲ್ಲ. ಲ್ಯಾಪ್‌ಟಾಪ್ ಮುಂದೆ ಬಕೆಟ್ ಇಟ್ಕೊಂಡು, ಕ್ಯಾಮೆರಾ ಆಫ್ ಮಾಡಿ, ಸ್ಟ್ಯಾಂಡ್-ಅಪ್ ಮೀಟಿಂಗಲ್ಲಿ “ನೆಟ್‌ವರ್ಕ್ ಸರಿ ಇಲ್ಲ” ಅಂತ ಹೇಳ್ತಾ ಕೂತಿರ್ತೀರಿ. ಗೊತ್ತಿರೋದು ಒಂದು ಆ್ಯಪ್‌ಗೆ ಮಾತ್ರ. ಈ ವಾರ ಮಗು ದ್ರಾಕ್ಷಿಯಷ್ಟು, ಮುಂದಿನ ವಾರ ನಿಂಬೆಹಣ್ಣಿನಷ್ಟು ಅಂತ ಅದು ಹಣ್ಣಿನಂಗಡಿ ತೆಗೆದಿರುತ್ತೆ.

ನನ್ನ ಜೊತೆ ಮೊದಲು ಕೆಲಸ ಮಾಡ್ತಿದ್ದ ಗೆಳತಿಯೊಬ್ಬಳ ವಿಷಯ ಹೇಳಬೇಕು. ಬರೀಬಹುದಾ ಅಂತ ಕೇಳಿದೆ, ಹೆಸರು ಹಾಕ್ಬೇಡ, ಬರಿ ಅಂದಳು. ಒಂಬತ್ತನೇ ವಾರದ ಸ್ಕ್ಯಾನಿನಲ್ಲಿ ಹೃದಯಬಡಿತ ಇರಲಿಲ್ಲ. ಶುಕ್ರವಾರ ಗೊತ್ತಾಯ್ತು, ಶನಿವಾರ ಆಸ್ಪತ್ರೆ, ಸೋಮವಾರ ಬೆಳಗ್ಗೆ ಸ್ಟ್ಯಾಂಡ್-ಅಪ್‌ನಲ್ಲಿ ಇದ್ದಳು. ಮಂಗಳವಾರ, ಬುಧವಾರ “ವೈರಲ್ ಫೀವರ್” ಅಂತ ರಜೆ ಹಾಕಿದಳು. ಬಸುರಿ ಅಂತಲೇ ಯಾರಿಗೂ ಹೇಳಿರಲಿಲ್ಲವಲ್ಲ, ಈಗ ಹೋಯ್ತು ಅಂತ ಯಾವ ಬಾಯಲ್ಲಿ ಹೇಳೋದು? ಟೀಮಿನ ಹುಡುಗರು ಗೆಟ್ ವೆಲ್ ಸೂನ್ ಅಂತ ಎಮೋಜಿ ಹಾಕಿದ್ರು. ಆ ಹಣ್ಣಿನ ಆ್ಯಪ್ ಮಾತ್ರ ಏನೂ ಆಗಿಲ್ಲದ ಹಾಗೆ ವಾರ ವಾರ ನೋಟಿಫಿಕೇಷನ್ ಕಳಿಸ್ತಾನೇ ಇತ್ತು. ಅದನ್ನ ಡಿಲೀಟ್ ಮಾಡೋಕೂ ಕೈ ಬರಲಿಲ್ಲ ಅಂದಳು.

ಬೇಡದ ಪ್ರಶ್ನೆಗಳಿಂದ ಕಾಪಾಡಲಿ ಅಂತಿದ್ದ ಗುಟ್ಟು ಅವಳ ಪಾಲಿಗೆ ಬಾಗಿಲು ಹಾಕಿದ ಕೋಣೆಯಾಯ್ತು. ಕಾನೂನು ಏನು ಹೇಳುತ್ತೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ, ಎಚ್‌ಆರ್ ತಾವಾಗಿ ಹೇಳೋ ಪೈಕಿಯೂ ಅಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ ಗರ್ಭಪಾತವಾದ್ರೆ ಆರು ವಾರ ಸಂಬಳ ಸಹಿತ ರಜೆ. 2017ರಲ್ಲಿ ತಿದ್ದುಪಡಿಯಾಗಿ ಹೆರಿಗೆ ರಜೆ 26 ವಾರ ಆಗಿದ್ದು ಎಲ್ಲರಿಗೂ ಗೊತ್ತು. ಈ ಆರು ವಾರದ ಸುದ್ದಿ ಬಹಳ ಜನಕ್ಕೆ ಗೊತ್ತಿಲ್ಲ. ಬಸುರಿನಿಂದಾಗಿ ಕಾಯಿಲೆ ಬಿದ್ದರೆ ಮೇಲೆ ಇನ್ನೊಂದು ತಿಂಗಳವರೆಗೂ ರಜೆಗೆ ಅವಕಾಶ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅವಧಿಗಳು ಇವೇ. ಡಾಕ್ಟರ ಪತ್ರ ಕೊಟ್ಟರೆ ಸಾಕು, ಕಥೆ ಹೇಳಬೇಕಾಗಿಲ್ಲ. ನಮ್ಮ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೆ ₹21,000 ಒಳಗೆ ಸಂಬಳ ಇರೋ ಹೆಣ್ಣುಮಕ್ಕಳಿಗೆ ಇಎಸ್‌ಐ ಮೂಲಕ ಇದು ಸಿಗುತ್ತೆ.

ಇನ್ನೊಂದು ಮಾತನ್ನೂ ಅವಳಿಗೋಸ್ಕರ ಬರೀತೀನಿ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮುಗಳ ಎಣಿಕೆಯಲ್ಲಿ ಆದ ಏರುಪೇರು. ಸ್ಕೂಟರ್ ಓಡಿಸಿದ್ದು, ಮೆಟ್ಟಿಲು ಹತ್ತಿದ್ದು, ರಾತ್ರಿ ರಿಲೀಸ್‌ಗೆ ಕೂತಿದ್ದು, ಒಂದು ತುಂಡು ಪರಂಗಿ ಹಣ್ಣು ತಿಂದಿದ್ದು ಅಂತ ಅವಳು ಪಟ್ಟಿ ಮಾಡಿಟ್ಟಿದ್ದಳು. ಆ ಪಟ್ಟಿ ನೋಡಿ ಡಾಕ್ಟರು ಒಂದೊಂದನ್ನೇ ಹೊಡೆದು ಹಾಕಿದ್ರಂತೆ.

ಇದರಲ್ಲಿ ಒಂದು ವಿಚಿತ್ರ ಇದೆ. ಮನೆಯವರು ಹನ್ನೆರಡು ವಾರ ಆಗೋ ತನಕ ಹೇಳಬೇಡ ಅಂತಾರೆ. ಸರ್ಕಾರ ಹನ್ನೆರಡು ವಾರದೊಳಗೆ ಹೇಳು ಅನ್ನುತ್ತೆ! ಆಶಾ ಕಾರ್ಯಕರ್ತೆ ಹತ್ರ ನೋಂದಣಿ, ತಾಯಿ ಕಾರ್ಡ್, ಮೊದಲ ತಪಾಸಣೆ, ಫೋಲಿಕ್ ಆಸಿಡ್ ಮಾತ್ರೆ ಎಲ್ಲ ಆ ಮೊದಲ ಮೂರು ತಿಂಗಳಲ್ಲೇ ಶುರುವಾಗಬೇಕು. ತಾಯಿ ಕಾರ್ಡ್ ಪ್ರೈವೇಟ್ ಆಸ್ಪತ್ರೆಗೆ ಹೋಗೋರಿಗೂ ಬೇಕಾಗುತ್ತೆ. ನಮ್ಮ ಬೀದಿಗೆ ಬರೋ ಆಶಾ ಅಕ್ಕನಿಗೆ ನಾನು ಹೇಳಿದ್ದು ಎಂಟನೇ ವಾರದಲ್ಲಿ. ರಕ್ತಹೀನತೆ, ಬಿಪಿ ಎಲ್ಲ ಬರೆದುಕೊಂಡ ಮೇಲೆ ಪೆನ್ನು ಮುಚ್ಚಿ, “ಅಕ್ಕ, ರಾತ್ರಿ ನಿದ್ದೆ ಬರುತ್ತಾ? ಮನೇಲಿ ಯಾರಿದ್ದಾರೆ ಜೊತೆಗೆ?” ಅಂತ ಕೇಳಿದ್ರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನ ಯಾರೂ ಕೇಳಿರಲಿಲ್ಲ, ಸ್ಕ್ಯಾನಿಂಗ್ ಸೆಂಟರಿನಲ್ಲೂ ಕೇಳಿರಲಿಲ್ಲ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾದಾಗ, ಗರ್ಭಿಣಿಯರು ಅಂಗನವಾಡಿಗೇ ಬಂದು ಊಟ ಮಾಡಬೇಕು ಅನ್ನೋ ನಿಯಮದ ಬಗ್ಗೆ ತಕರಾರು ಇತ್ತು, ದೂರ ನಡೆಯೋ ಕಷ್ಟ ನಿಜವೇ. ಆದ್ರೂ ಒಂದೇ ಸಾಲಲ್ಲಿ ಕೂತು ಉಣ್ಣೋ ಐದಾರು ಬಸುರಿಯರಿಗೆ ಒಬ್ಬರ ಸಂಕಟ ಇನ್ನೊಬ್ಬರಿಗೆ ಗೊತ್ತಿರುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಅದು ಸಿಗಲ್ಲ.

ಹಾಗಾದ್ರೆ ಎಲ್ಲರಿಗೂ ಸ್ಟೇಟಸ್ ಹಾಕಿ ಹೇಳಬೇಕಾ? ಬೇಡವೇ ಬೇಡ. ನನ್ನ ಅಳತೆ ಒಂದೇ: ನಾಳೆ ಇದು ನಿಲ್ಲದೇ ಹೋದ್ರೆ ಯಾರ ಮುಂದೆ ಕೂತು ಅಳಬಲ್ಲೆನೋ, ಅವರಿಗೆ ಇವತ್ತೇ ಹೇಳೋದು. ಅದು ಅಕ್ಕ ಆಗಿರಬಹುದು, ಕಾಲೇಜಿನ ಗೆಳತಿ ಆಗಿರಬಹುದು, ಎದುರುಮನೆ ಆಂಟಿ ಆಗಿರಬಹುದು. ಗಂಡನ ಚಿಕ್ಕಮ್ಮ ಆಗಿರಲೇಬೇಕು ಅಂತಿಲ್ಲ. ನಾನು ಏಳನೇ ವಾರದಲ್ಲಿ ಮೂರು ಜನರಿಗೆ ಹೇಳಿದೆ, ಅದರಲ್ಲಿ ಮೂರನೆಯವರು ನನ್ನ ಟೀಮ್ ಲೀಡ್. ಅಮ್ಮನಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. “ಅಜ್ಜಿ ಕಾಲದಲ್ಲಿ ನಿಮ್ಮನೇಲಿ ಎಷ್ಟು ಜನಕ್ಕೆ ಗೊತ್ತಿರ್ತಿತ್ತಮ್ಮ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಏಳು” ಅಂದ್ರು.

ಆಫೀಸಿನ ವಿಷಯ ಸೂಕ್ಷ್ಮ. ಬಸುರಿ ಅಂತ ಗೊತ್ತಾದ ತಕ್ಷಣ ಒಳ್ಳೇ ಪ್ರಾಜೆಕ್ಟ್ ಕೈತಪ್ಪೋದನ್ನ ನಾವೆಲ್ಲ ನೋಡಿದ್ದೀವಿ, ಆ ಭಯ ಸುಳ್ಳಲ್ಲ. ಹಾಗಾಗಿ ಮ್ಯಾನೇಜರ್ ಮೇಲೆ ನಂಬಿಕೆ ಇಲ್ಲದಿದ್ರೆ ಕಾರಣ ಹೇಳದೆಯೂ ಬೇಕಾದ್ದನ್ನ ಕೇಳಬಹುದು. ನಾನು ಗೆಳತಿಯೊಬ್ಬಳಿಗೆ ಬರೆದುಕೊಟ್ಟ ಮೆಸೇಜ್ ಹೀಗಿತ್ತು: “ಆರೋಗ್ಯದ ಕಾರಣಕ್ಕೆ ಡಾಕ್ಟರ್ ಸಲಹೆ ಮೇರೆಗೆ ಮುಂದಿನ ಆರು ವಾರ ಬೆಳಗ್ಗೆ ಹನ್ನೊಂದರ ಮುಂಚೆ ಮೀಟಿಂಗ್ ಬೇಡ, ರಾತ್ರಿ ಆನ್-ಕಾಲ್ ಕೂಡ ಬೇಡ. ಕೆಲಸದ ಗಂಟೆ ಸಂಜೆ ಸರಿದೂಗಿಸ್ತೀನಿ.” ಅಷ್ಟೇ. ಸಾರಿ ಅನ್ನೋ ಪದ ಎಲ್ಲೂ ಇಲ್ಲ ನೋಡಿ, ಬೇಕಂತಲೇ ಬಿಟ್ಟಿದ್ದು. ಒಂದು ವೇಳೆ ಹೇಳೋದೇ ಆದ್ರೆ ಆಮೇಲೆ ಒಂದು ಇ-ಮೇಲ್‌ನಲ್ಲೂ ಬರೆದಿಡಿ. ಬಾಯಿಮಾತು ಅಪ್ರೈಸಲ್ ಹೊತ್ತಿಗೆ ಯಾರಿಗೂ ನೆನಪಿರಲ್ಲ.

ಬೇಜಾರು, ಸುಸ್ತು, ಅಳು ಎಲ್ಲ ಸಹಜ ಅಂದೆ. ಆದ್ರೆ ಎಲ್ಲವೂ ಸಹಜ ಅಲ್ಲ, ಆ ಗೆರೆಯನ್ನೂ ಹೇಳಬೇಕು. ಎರಡು ವಾರದ ಮೇಲೂ ದಿನದ ಬಹುಪಾಲು ಮಂಕಾಗಿಯೇ ಇದ್ದರೆ, ಇಷ್ಟದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಸುಸ್ತಾಗಿದ್ದೂ ರಾತ್ರಿಯಿಡೀ ನಿದ್ದೆ ಬರದಿದ್ದರೆ, ಎದೆ ಡವಡವ ನಿಲ್ಲದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ನಾನಿಲ್ಲದಿದ್ರೇ ಚೆನ್ನಾಗಿತ್ತು ಅನ್ನೋ ಯೋಚನೆ ಒಂದೇ ಒಂದು ಸಲ ಬಂದ್ರೂ ಎರಡು ವಾರ ಕಾಯಬೇಡಿ, ಅವತ್ತೇ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಲೋಕದಲ್ಲಿ ಗರ್ಭಿಣಿಯರ ಪೈಕಿ ಸುಮಾರು ಶೇ 10ರಷ್ಟು ಮಂದಿಗೆ ಖಿನ್ನತೆಯಂಥ ಮಾನಸಿಕ ತೊಂದರೆ ಇರುತ್ತೆ. ನಮ್ಮಂಥ ದೇಶಗಳಲ್ಲಿ ಅದು ಶೇ 15.6. ಬಾಣಂತಿ ಸನ್ನಿ ಬಗ್ಗೆ ಹಳಬರಿಗೂ ಗೊತ್ತು, ಬಸುರಲ್ಲೇ ಖಿನ್ನತೆ ಬರುತ್ತೆ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಮೊದಲೇ ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಿದ್ರೆ, ಎರಡು ಗೆರೆ ನೋಡಿದ ಗಾಬರಿಯಲ್ಲಿ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರನ್ನ ಕೇಳಿ.

ಎಲ್ಲಿಗೆ ಹೋಗೋದು? ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡಬಹುದಾದ ನಂಬರ್ ಟೆಲಿ-ಮಾನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸೇವೆ ಇದು. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂತಲೇ ಪ್ರತ್ಯೇಕ ಚಿಕಿತ್ಸೆ ಇದೆ, ಪುಟ್ಟ ಮಗುವನ್ನ ಜೊತೆಗಿಟ್ಟುಕೊಂಡೇ ತಾಯಿ ದಾಖಲಾಗೋ ವಾರ್ಡ್ ಕೂಡ ಇದೆ. ಇನ್ನು ನೀರೂ ನಿಲ್ಲದಷ್ಟು ವಾಂತಿ, ರಕ್ತಸ್ರಾವ, ಜೋರು ಹೊಟ್ಟೆನೋವು ಆದ್ರೆ ಅದು ಧೈರ್ಯ ತಗೊಂಡು ಸಹಿಸೋ ವಿಷಯ ಅಲ್ಲ. ಗೂಗಲ್ ಮುಚ್ಚಿ ನೇರ ನಿಮ್ಮ ಆಸ್ಪತ್ರೆಗೋ, ಚೆಲುವಾಂಬ ಆಸ್ಪತ್ರೆಗೋ ಹೋಗಿ.

ಇದನ್ನ ಓದ್ತಿರೋ ಗಂಡಂದಿರು “ನಾನೇನು ಮಾಡ್ಲಿ ಹೇಳು” ಅಂತ ದಿನಾ ಕೇಳಬೇಡಿ. ಏನು ಬೇಕು ಅಂತ ಯೋಚಿಸಿ ಹೇಳೋದೂ ಒಂದು ಕೆಲಸವೇ, ಅದಕ್ಕೂ ಶಕ್ತಿ ಬೇಕು. ಬೆಳಗ್ಗೆ ಒಗ್ಗರಣೆ ಹಾಕೋ ಮುಂಚೆ ಕಿಟಕಿ ತೆಗೀರಿ. ಅವಳು ಏಳೋಕೆ ಮುಂಚೆ ಹಾಸಿಗೆ ಪಕ್ಕ ಎರಡು ಬಿಸ್ಕತ್ತೋ ಒಂದು ಹಿಡಿ ಪುರಿಯೋ ಇಡಿ, ಖಾಲಿ ಹೊಟ್ಟೆಯಲ್ಲಿ ಎದ್ರೆ ಸಂಕಟ ಜಾಸ್ತಿ. ಅವಳ ಪರವಾಗಿ ಫೋನ್ ಎತ್ತಿ ಚಿಕ್ಕಮ್ಮನಿಗೆ ಉತ್ತರ ಕೊಡಿ. ನನ್ನ ಗಂಡ ರೈಲಲ್ಲಿ ಮಂಡ್ಯ ದಾಟಿದ ಮೇಲೆ ಒಂದು ಮೆಸೇಜ್ ಮಾಡ್ತಿದ್ರು, “ಇವತ್ತು ಹೇಗಿದೆ, ಒಂದರಿಂದ ಹತ್ತರಲ್ಲಿ?” ಅಂತ. ನಾನು ಬರೀ ಅಂಕಿ ಕಳಿಸ್ತಿದ್ದೆ. ನಾಲ್ಕರ ಕೆಳಗೆ ಹೋದ್ರೆ ಸಂಜೆ ಬೇಗ ಬರೋದು ಅಂತ ಒಪ್ಪಂದ. ಎರಡು ಸಲ ಬಂದ್ರು, ಮೂರನೇ ಸಲ ಪ್ರೊಡಕ್ಷನ್ ಇಶ್ಯೂ ಅಂತ ಸಿಕ್ಕಿಹಾಕಿಕೊಂಡ್ರು, ಬದಲಿಗೆ ಎದುರುಮನೆ ಆಂಟಿಗೆ ಫೋನ್ ಮಾಡಿದ್ರು. ಆಂಟಿ ಮೊಸರನ್ನ, ನಿಂಬೆಕಾಯಿ ಉಪ್ಪಿನಕಾಯಿ ತಂದು, ಏನೂ ಕೇಳದೆ ಸೋಫಾದ ಆ ಕಡೆ ಕೂತು ಸೀರಿಯಲ್ ನೋಡಿ ಹೋದ್ರು.

ನನಗೀಗ ಹದಿನಾರನೇ ವಾರ. ಕಾಫಿ ಮತ್ತೆ ಹಿಡಿಸ್ತಿದೆ, ದಿನಕ್ಕೊಂದು ಲೋಟ. ಮಲ್ಲಿಗೆ ಇನ್ನೂ ಇಲ್ಲ.